ಒಂಬತ್ತು ದಿನ ಒಂದೇ ಕಡೆ ನಿಂತ ಹಿಂಡು

ಮೂವತ್ತೆಂಟನೆಯ ವಯಸ್ಸಿಗೆ ನಿವೃತ್ತಿಯ ಬರಹ ಬರೆಯುವುದು ಸ್ವಲ್ಪ ಅಧಿಕಪ್ರಸಂಗವೆಂದು ನನಗೂ ಗೊತ್ತು. ಆದರೆ ನಾನು ಮಾಡುತ್ತಿದ್ದ ಕೆಲಸದಲ್ಲಿ ಹನ್ನೊಂದು ವರ್ಷ ಉಳಿದವರು ನಮ್ಮ ಕಂಪನಿಯಲ್ಲಿ ಇಬ್ಬರೇ. ಒಬ್ಬರು ಅದನ್ನು ಕಟ್ಟಿದ ಹೆಲೆನ್, ಇನ್ನೊಬ್ಬಳು ನಾನು. ಹೋದ ಜೂನ್ ಮೂವತ್ತಕ್ಕೆ ಕೆಲಸ ಬಿಟ್ಟೆ. ಈಗ ವಾರಕ್ಕೆ ಮೂರು ದಿನ ಸಿಡ್ನಿಯ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮ ಕಲಿಸುತ್ತೇನೆ. ತರಗತಿಯಲ್ಲಿ ಕನ್ನಡದ ನಾಲ್ವರಿದ್ದಾರೆ. ಪಾಠ ಮುಗಿದ ಮೇಲೆ ಅವರಲ್ಲೊಬ್ಬಳು ಬಂದು, "ಆಂಟಿ, ಕೆಲಸ ಆಕ್ಚುಲಿ ಹೇಗಿರುತ್ತೆ?" ಎಂದು ಕೇಳಿದಳು. ಆಂಟಿ ಎಂದದ್ದಕ್ಕೆ ಆದ ಬೇಸರ ಎರಡು ದಿನ ಇತ್ತು. ಪ್ರಶ್ನೆ ಮಾತ್ರ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮರುಭೂಮಿಯಲ್ಲಿ ಹಿಂಡಿನೊಂದಿಗೆ ಅಲೆಯುವ ಜನರ ಜೊತೆ ಕೆಲವು ದಿನ ಇದ್ದು ಬರಲು ಆಸ್ಟ್ರೇಲಿಯಾದವರನ್ನು ಕಳುಹಿಸುವುದು ನಮ್ಮ ಕಂಪನಿಯ ಕೆಲಸ. ಥಾರ್ ಮರುಭೂಮಿಯ ಹೊಣೆ ನನ್ನದಾಗಿತ್ತು. ಇದನ್ನು ಹೇಳಿದಾಗಲೆಲ್ಲ ಕೇಳುವವರ ಕಣ್ಣಿನಲ್ಲಿ ಒಂಟೆ ಮತ್ತು ಸೂರ್ಯಾಸ್ತ ಮೂಡುವುದು ನನಗೆ ಕಾಣುತ್ತದೆ. ದಿನಚರಿ ತೆಗೆದು ಲೆಕ್ಕ ಹಾಕಿದ್ದೇನೆ: ಹನ್ನೊಂದು ವರ್ಷದಲ್ಲಿ ನಾನು ಮರುಭೂಮಿಯಲ್ಲಿದ್ದದ್ದು ನಲವತ್ತೊಂದು ದಿನ. ಉಳಿದದ್ದೆಲ್ಲ ನಾರ್ತ್ ಸಿಡ್ನಿಯ ಆರನೆಯ ಮಹಡಿಯಲ್ಲಿ, ಕಿವಿಗೆ ಫೋನು ಹಚ್ಚಿಕೊಂಡು. ಒಂದು ವರ್ಷ ಕುತೂಹಲಕ್ಕೆ ಪ್ರವಾಸಿಗರ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿದೆ. ಇನ್ನೂರಹನ್ನೆರಡರಲ್ಲಿ ಶೌಚಾಲಯದ ಬಗ್ಗೆ ಅರವತ್ತೊಂದು, ಹಾವಿನ ಬಗ್ಗೆ ಮೂವತ್ತನಾಲ್ಕು, ವೈಫೈ ಬಗ್ಗೆ ಇಪ್ಪತ್ತೊಂಬತ್ತು. ಅಲ್ಲಿನ ಜನರ ಬಗ್ಗೆ ಹತ್ತೊಂಬತ್ತು. ಕೆಲಸಕ್ಕೆ ಸೇರುವವರು ಈ ಅನುಪಾತವನ್ನು ತಿಳಿದಿರುವುದು ಒಳ್ಳೆಯದು. ಮೊದಲ ಮೂರು ಬಗೆಯ ಪ್ರಶ್ನೆಗಳಿಗೆ ಯಾರು ಬೇಕಾದರೂ ಉತ್ತರಿಸಬಹುದು. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು ಆ ಹತ್ತೊಂಬತ್ತಕ್ಕೆ.

ನಾನು ಸೇರಿದ ಹೊಸದರಲ್ಲಿ ಜೋಧಪುರದ ಒಬ್ಬ ಏಜೆಂಟನ ಮೂಲಕ ಎಲ್ಲ ನಡೆಯುತ್ತಿತ್ತು. ಪ್ರವಾಸಿಗರು ಒಂದು ರಾತ್ರಿ ಒಂದು 'ಅಲೆಮಾರಿ ಬಿಡಾರ'ದಲ್ಲಿ, ಮರುದಿನ ತೊಂಬತ್ತು ಕಿಲೋಮೀಟರ್ ಆಚೆಗೆ ಇನ್ನೊಂದರಲ್ಲಿ ಇರುತ್ತಿದ್ದರು. ಹಿಂತಿರುಗಿದ ಒಬ್ಬ ನಿವೃತ್ತ ಶಿಕ್ಷಕರು ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಎರಡು ಫೋಟೋ ಇಟ್ಟರು. ಎರಡು ಬಿಡಾರ, ಎರಡರಲ್ಲೂ ಒಬ್ಬನೇ ಮುದುಕ, ಅದೇ ಕೆಂಪು ಪೇಟ, ಅದೇ ತಂಬೂರಿ.

"ಅವಳಿ ಜವಳಿ ಇರಬಹುದೇ?" ಎಂದು ಶಿಕ್ಷಕರು ಬಹಳ ಗಂಭೀರವಾಗಿ ಕೇಳಿದರು.

ಹೆಲೆನ್ ಆಗ ಅರವತ್ತರ ಹತ್ತಿರದವರು. ಕಟುವಾದ ನಾಲಿಗೆ, ನೇರ ನಡೆ. ಆ ಫೋಟೋಗಳನ್ನು ಎರಡು ನಿಮಿಷ ನೋಡಿ, "ಆ ಮುದುಕ ನಮಗಿಂತ ಹೆಚ್ಚು ಅಲೆಯುತ್ತಾನೆ. ಏಜೆಂಟನನ್ನು ಬಿಡೋಣ. ನಿನಗೆ ಹಿಂದಿ ಬರುತ್ತೆ ತಾನೇ?" ಎಂದರು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಹಿಂದಿ ನನ್ನದು, ಮನೆ ಮಾತು ಕೊಂಕಣಿ. ಬರುತ್ತದೆ ಎಂದೆ. ನನ್ನ ಕೆಲಸ ನಿಜವಾಗಿ ಶುರುವಾದದ್ದು ಆ ಧೈರ್ಯದ ಸುಳ್ಳಿನಿಂದ.

ಹಾಗೆ ನಾನೇ ಥಾರ್‌ಗೆ ಹೋದಾಗ ಪೂರಿಬಾಯಿಯ ಪರಿಚಯವಾಯಿತು. ಪಶ್ಚಿಮ ರಾಜಸ್ಥಾನದಲ್ಲಿ ಕುರಿ, ಒಂಟೆ ಸಾಕುವ ರಾಯ್ಕಾ ಜನರಲ್ಲಿ ಆಕೆಯದೊಂದು ಕುಟುಂಬ. ನೂರೆಂಬತ್ತು ಕುರಿ, ಮೂರು ಒಂಟೆ, ಗಂಡ, ಮಗ, ಸೊಸೆ. ದೀಪಾವಳಿ ಕಳೆದ ಮೇಲೆ ಏಳು ಕುಟುಂಬಗಳು ತಮ್ಮ ಹಿಂಡುಗಳನ್ನು ಒಂದು ಮಾಡಿಕೊಂಡು ಪೂರ್ವಕ್ಕೆ ಹೊರಡುತ್ತವೆ. ಈ ಕೂಟಕ್ಕೆ ಅವರು ಡಾಂಗ್ ಎನ್ನುತ್ತಾರೆ. ದಾರಿಯಲ್ಲಿ ಪಾಳು ಬಿದ್ದ ಹೊಲಗಳಲ್ಲಿ ಒಂದೆರಡು ರಾತ್ರಿ ಹಿಂಡು ನಿಲ್ಲಿಸಿ ಮುಂದೆ ಹೋಗುತ್ತಾರೆ. ಹೊಲದವನಿಗೆ ಗೊಬ್ಬರ, ಕುರಿಗೆ ಮೇವು. ಮಳೆಗಾಲಕ್ಕೆ ಮುನ್ನ ಮನೆಗೆ ಮರಳುತ್ತಾರೆ. ಯಾವ ದಿನ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಡಾಂಗಿನ ಮುಖ್ಯಸ್ಥನ ಮಾತು. ಆ ಮುಖ್ಯಸ್ಥ ಹರ್ಜಿ ಕಾಕಾ, ಪೂರಿಬಾಯಿಯ ಗಂಡನ ಚಿಕ್ಕಪ್ಪ. ಪ್ರವಾಸಿಗರು ಪೂರಿಬಾಯಿಯ ಒಲೆಯ ಬಳಿ ಉಣ್ಣುವುದು, ಬಂದ ಹಣದಲ್ಲಿ ಅರ್ಧ ಏಳೂ ಹಿಂಡುಗಳ ಔಷಧಿಗೆ ಹೋಗುವುದು ಎಂದು ಅವರೇ ಕೂತು ತೀರ್ಮಾನಿಸಿದ್ದರು. ನಾನೂ ಆ ಮಾತುಕತೆಯಲ್ಲಿ ಕೂತಿದ್ದೆ. ನನ್ನ ಹಿಂದಿಗೆ ಅವರು ಮೂರು ಸಲ ನಕ್ಕರು. ಅದನ್ನೂ ಬರೆದುಕೊಂಡಿದ್ದೇನೆ.

ಸಿಡ್ನಿಗೆ ಬಂದು ಕೂತ ಮೇಲೆ ತೊಡಕು ಎದುರಾಯಿತು. ಪ್ರವಾಸಿಗ ವಿಮಾನ ಹತ್ತುವ ಮೊದಲು ವಿಮೆಯವರಿಗೆ ಒಂದು ಫಾರಂ ಹೋಗಬೇಕು. ಪ್ರತಿ ರಾತ್ರಿ ಎಲ್ಲಿ ತಂಗುತ್ತಾರೆ, ವಿಳಾಸವೇನು ಎಂದು ಅದರಲ್ಲಿ ಬರೆಯಬೇಕು. ಊರೂರು ಅಲೆಯುವವರ ವಿಳಾಸ ಯಾವುದು? ಒಂದು ಹಳ್ಳಿಯ ಕೆರೆಯ ಪಕ್ಕದ ಪಾಳು ಜಾಗ ನನಗೆ ನೆನಪಿತ್ತು. ರಸ್ತೆ ಹತ್ತಿರ, ನೀರು ಹತ್ತಿರ, ಸೂರ್ಯಾಸ್ತವೂ ಚೆನ್ನಾಗಿ ಕಾಣುತ್ತಿತ್ತು. ಪೂರಿಬಾಯಿಗೆ ಫೋನ್ ಮಾಡಿದೆ.

"ಮಾಸಿ, ನವೆಂಬರಿನಲ್ಲಿ ಒಂಬತ್ತು ದಿನ ನೀವು ಆ ಕೆರೆ ಹತ್ತಿರ ಇರಬಹುದಾ? ಪ್ರವಾಸಿಗರು ಬರೋ ಜಾಗ ನಮಗೆ ಮೊದಲೇ ಬರೆದು ಕೊಡಬೇಕು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕುರಿಯೊಂದು ಅರಚಿದ್ದು ಕೇಳಿಸಿತು.

"ಒಂಬತ್ತು ದಿನವೂ?"

"ಒಂಬತ್ತೂ."

"ನಿನಗೆ ಬೇಕಾದರೆ ಇರುತ್ತೇವೆ ಬೇಟಿ."

ನಾನು ಫಾರಂ ತುಂಬಿ, ದಿನಚರಿಯಲ್ಲಿ ಒಂದು ಟಿಕ್ ಹಾಕಿದೆ. ಆ ಮೌನ ಎಷ್ಟು ಹೊತ್ತಿತ್ತು ಎಂದು ಬರೆದುಕೊಳ್ಳಲಿಲ್ಲ. ಎಲ್ಲವನ್ನೂ ಬರೆದುಕೊಳ್ಳುವ ನನಗೆ ಅದು ಬರೆಯಬೇಕಾದ ಸಂಗತಿ ಅನ್ನಿಸಲೇ ಇಲ್ಲ.

ಎರಡು ಚಳಿಗಾಲ ಹೀಗೆ ನಡೆಯಿತು. ಪ್ರತಿ ನವೆಂಬರಿನಲ್ಲಿ ಒಟ್ಟಿಗೇ ಎರಡೆರಡು ತಂಡ, ಎಲ್ಲ ಸೇರಿ ನಲವತ್ತಮೂರು ಜನ. ಒಬ್ಬರೂ ದೂರು ಕೊಡಲಿಲ್ಲ. ಪ್ರತಿ ತಂಡದವರು ತೆಗೆದ ಫೋಟೋಗಳನ್ನು ತರಿಸಿ, ದಿನವಾರು ಜೋಡಿಸಿ, ಮೊದಲ ದಿನದಿಂದ ಒಂಬತ್ತನೆಯ ದಿನದವರೆಗೆ ಹೆಸರು ಹಾಕಿ ಇಡುತ್ತಿದ್ದೆ. ಹೆಲೆನ್ ಅವನ್ನು ಸಭೆಗಳಲ್ಲಿ ತೋರಿಸುತ್ತಿದ್ದರು. ಎರಡನೆಯ ಚಳಿಗಾಲ ಮುಗಿದಾಗ ನನ್ನ ಕೆಲಸದ ಬಗ್ಗೆ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ಮೂರನೆಯ ಚಳಿಗಾಲಕ್ಕೆ ಹದಿನಾಲ್ಕು ಜನ ಬುಕ್ ಮಾಡಿದರು. ಹೆಚ್ಚಿನವರು ಮೆಲ್ಬರ್ನಿನವರು. ಅಲ್ಲಿ ಬಾಕ್ಸ್ ಹಿಲ್‌ನಲ್ಲಿ ನಮ್ಮದೊಂದು ಪುಟ್ಟ ಕಚೇರಿಯಿತ್ತು. ಆಸ್ಪತ್ರೆಯ ಬೀದಿಯಲ್ಲಿ, ಹಲ್ಲಿನ ಡಾಕ್ಟರ ಮೇಲಿನ ಮಹಡಿ. ಆ ವರ್ಷ ಅಲ್ಲಿಗೆ ಬಸವರಾಜ ಎಂಬ ಹುಡುಗ ಸೇರಿದ. ಗದಗದ ಕಡೆಯ ಹಳ್ಳಿಯವನು, ಹೋಟೆಲ್ ನಿರ್ವಹಣೆ ಓದಲು ಬಂದು, ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿ ಉಳಿದುಕೊಂಡವನು. ಮೆಲ್ಬರ್ನಿಗೆ ಬಂದು ಏಳು ವರ್ಷವಾಗಿದ್ದರೂ ಅವನ ಮಾತು ಗದಗ ಬಿಟ್ಟು ಹೊರಟಿರಲಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ನಾನು ಅವನಿಗೆ ಕೆಲಸ ತೋರಿಸಲು ಹೋಗಿದ್ದೆ. ಕಂಪ್ಯೂಟರಿನಲ್ಲಿ ಹಿಂದಿನ ವರ್ಷದ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಒಂದು ಫೋಟೋ ಬಂದಾಗ ಅವನು ನನ್ನನ್ನು ತಡೆದ.

"ಅಕ್ಕಾರ, ಇದು ಯಾವ ದಿನದ್ದರಿ?"

"ಒಂಬತ್ತನೆಯದ್ದು. ಹೆಸರು ಕೆಳಗೆ ಇದೆ ನೋಡು."

"ಮೊದಲನೇ ದಿನದ್ದು ತೋರಿಸ್ರಿ."

ತೋರಿಸಿದೆ. ಅವನು ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡ. ಎರಡರಲ್ಲೂ ಪ್ರವಾಸಿಗರು ನಗುತ್ತಿದ್ದಾರೆ, ಹಿಂದೆ ಕುರಿಗಳು. ನಾನು ಅದುವರೆಗೆ ನಗುವವರನ್ನು ಮಾತ್ರ ನೋಡಿದ್ದೆ.

"ಒಂದ ಜಾಗಾದಾಗ ಒಂಬತ್ತು ದಿನಾ ನಿಂದ್ರಿಸ್ಯಾರೇನ್ರಿ?"

"ಹೌದು. ಯಾಕೆ?"

"ಯಾಕಂತೀರಲ್ರಿ. ನಮ್ಮ ಮಾಮಾ ಕುರಿ ಕಾಯ್ತಾನ್ರಿ. ಮೂರು ದಿನದ ಮ್ಯಾಲೆ ಎಲ್ಲೂ ನಿಂದ್ರಂಗಿಲ್ಲ. ಈ ಕುರಿ ಎಡಗಡೆ ಹೊಟ್ಟಿ ನೋಡ್ರಿ. ಮೇದ ಕುರಿದು ಉಬ್ಬಿರತೈತಿ. ಇದರದು ತಗ್ಗು ಬಿದ್ದೈತಿ. ಇದರದೂ. ಈ ಕಡೀದು ಅಂತೂ ಬಟ್ಟಲ ಇಡಬಹುದು, ಅಷ್ಟು ತಗ್ಗು."

"ಸುಮ್ಮನೆ ಹೇಳಬೇಡ ಮಾರಾಯ."

"ನೆಲಾ ನೋಡ್ರಿ ಹಂಗಾರ."

ಮೊದಲ ದಿನದ ಫೋಟೋದಲ್ಲಿ ಒಣಹುಲ್ಲು, ಕುರುಚಲು ಗಿಡ. ಒಂಬತ್ತನೆಯ ದಿನದ್ದರಲ್ಲಿ ಬರೀ ಮಣ್ಣು. ನಡುವಿನ ಏಳು ದಿನ ಹಂತ ಹಂತವಾಗಿ ಅದೇ ಕತೆ. ನಾಲ್ಕೂ ತಂಡದ ಫೈಲು ತೆಗೆದೆವು. ನಾಲ್ಕರಲ್ಲೂ ಅದೇ. ದಿನಾಂಕ, ಸಮಯ, ಜಾಗ ಎಲ್ಲ ನಾನೇ ಅಚ್ಚುಕಟ್ಟಾಗಿ ಬರೆದಿಟ್ಟ ಸಾಕ್ಷಿ. ಇಷ್ಟು ಕ್ರಮಬದ್ಧವಾಗಿ ತನ್ನ ತಪ್ಪಿನ ದಾಖಲೆ ಇಟ್ಟುಕೊಂಡವರು ಯಾರೂ ಇರಲಿಕ್ಕಿಲ್ಲ.

ಅಂದು ಮಧ್ಯಾಹ್ನವೇ ಪೂರಿಬಾಯಿಗೆ ಫೋನ್ ಮಾಡಿದೆ. ಸುತ್ತಿ ಬಳಸದೆ ಕೇಳಿದೆ.

"ಮಾಸಿ, ಆ ಒಂಬತ್ತು ದಿನ ಕುರಿಗೆ ಮೇವು ಸಾಲುತ್ತಿರಲಿಲ್ಲವಾ?"

ಆಕೆ ನಕ್ಕಳು. "ಕುರಿಯ ಹೊಟ್ಟೆ ನಿನಗೆ ಯಾರು ತೋರಿಸಿದರು?"

"ಇಲ್ಲೊಬ್ಬ ಹುಡುಗ. ನೀವು ಯಾಕೆ ಹೇಳಲಿಲ್ಲ?"

"ಸಮುದ್ರ ದಾಟಿ ಬರುವ ಅತಿಥಿ. ನೀನು ತಾರೀಖು ಬರೆದುಕೊಂಡು ಕೇಳುತ್ತೀಯ. ಹೇಗೆ ಇಲ್ಲ ಅನ್ನುವುದು?"

ಮಿಕ್ಕದ್ದನ್ನು ಒಂದೊಂದಾಗಿ ನಾನೇ ಕೇಳಿ ತಿಳಿದುಕೊಂಡೆ. ನಾವು ಹೇಳಿದ ದಿನಗಳಿಗೆಂದು ಆಕೆಯ ಕುಟುಂಬ ಕೆರೆಯ ಹತ್ತಿರ ಉಳಿದಾಗ ಡಾಂಗ್ ಮುಂದೆ ಹೋಗಿಬಿಡುತ್ತಿತ್ತು. ಆಮೇಲೆ ಇವರು ನಾಲ್ಕೇ ಜನ, ಹಸಿದ ಹಿಂಡು ಹೊಡೆದುಕೊಂಡು ಆರು ದಿನ ನಡೆದು ಅವರನ್ನು ಸೇರಬೇಕಿತ್ತು. ಹಿಂದಿನ ವರ್ಷ ಆ ದಾರಿಯಲ್ಲಿ ಕುರಿಗಳು ಔಷಧಿ ಹೊಡೆದ ಹೊಲಕ್ಕೆ ನುಗ್ಗಿದವು. ಹನ್ನೊಂದು ಸತ್ತವು. ಹೊಲದವನು ದೊಣ್ಣೆ ತಂದ. ಹರ್ಜಿ ಕಾಕಾ ಎರಡು ದಿನದ ದಾರಿ ಹಿಂದೆ ಬಂದು ಜಗಳ ಬಿಡಿಸಬೇಕಾಯಿತು. ಈ ವರ್ಷ ಅವರು ಖಡಾಖಂಡಿತ ಹೇಳಿದ್ದಾರೆ: ಹೊರಡುವ ದಿನ ಜೊತೆಗೆ ಹೊರಟರೆ ಡಾಂಗಿನಲ್ಲಿ ಇರಿ, ಇಲ್ಲವಾದರೆ ಬೇರೆ ದಾರಿ ನೋಡಿಕೊಳ್ಳಿ.

"ಬೇರೆ ದಾರಿ ಅಂದರೆ?"

"ಒಂಟಿಯಾಗಿ. ನೂರೆಂಬತ್ತು ಕುರಿ, ನಾಲ್ಕು ಜನ. ಒಂಟಿ ಹಿಂಡಿಗೆ ಹೊಲ ಕೊಡುವವರಿಲ್ಲ, ಕಳ್ಳರು ಬಂದರೆ ಕೂಗಿಗೆ ಓಡಿ ಬರುವವರಿಲ್ಲ."

"ಮತ್ತೆ ನೀವು ಏನು ಮಾಡುತ್ತೀರಿ?"

"ಕೆರೆ ಹತ್ತಿರ ಇರುತ್ತೇವೆ. ಮಾತು ಕೊಟ್ಟಿದ್ದೇನಲ್ಲ."

ಪ್ರವಾಸಿಗರು ಹೊರಡಲು ಐದು ವಾರ ಇತ್ತು. ಹರ್ಜಿ ಕಾಕಾ ಉತ್ತರ ಕೇಳಿದ್ದು ಮುಂದಿನ ಭಾನುವಾರಕ್ಕೆ.

ಸೋಮವಾರ ಬೆಳಿಗ್ಗೆ ಎರಡು ಫೋಟೋ ಪ್ರಿಂಟ್ ಮಾಡಿಕೊಂಡು ಹೆಲೆನ್ ಕೋಣೆಗೆ ಹೋದೆ. ಕುರಿಯ ಎಡಹೊಟ್ಟೆಯ ಪಾಠ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಒಂದೇ ಸಲಕ್ಕೆ ಅರ್ಥವಾಯಿತು. ಅವರಿಗೆ ಅರ್ಥವಾಗದ್ದು ಕಡಿಮೆ.

"ಹದಿನಾಲ್ಕು ಜನ ಪೂರ್ತಿ ಹಣ ಕಟ್ಟಿದ್ದಾರೆ. ಇದೊಂದು ಸಲ ಅವರು ಅಲ್ಲೇ ನಿಲ್ಲಲಿ. ನಾವು ಮೇವು ಕೊಂಡುಕೊಡೋಣ. ಮುಂದಿನ ವರ್ಷ ಬದಲಾಯಿಸೋಣ."

"ಮೇವು ಕೊಡಬಹುದು. ಡಾಂಗ್ ಕೊಂಡುಕೊಡಲು ಆಗುವುದಿಲ್ಲ. ಅದು ಹೊರಟು ಹೋಗಿರುತ್ತದೆ."

"ಆಕೆ ನಿಲ್ಲುತ್ತೇನೆ ಅಂತ ಹೇಳಿದ್ದಾರೆ ಅಂದೆಯಲ್ಲ."

"ನಿಲ್ಲುತ್ತಾರೆ. ಅದೇ ಸಮಸ್ಯೆ. ನಾನು ಕೇಳಿದರೆ ಆಕೆ ಇಲ್ಲ ಅನ್ನುವುದಿಲ್ಲ. ಆಕೆಯ ಒಪ್ಪಿಗೆಗೆ ಇನ್ನು ಬೆಲೆ ಇಲ್ಲ."

ಹೆಲೆನ್ ಕುರ್ಚಿಗೆ ಒರಗಿದರು. "ಲವಿನಾ, ಈ ವ್ಯವಸ್ಥೆ ಕಟ್ಟಿದ್ದು ನೀನು. ಇದನ್ನು ನಾಲ್ಕು ಸಭೆಯಲ್ಲಿ ಹೊಗಳಿದ್ದು ನಾನು. ನಾನು ಮೂರ್ಖಳ ಹಾಗೆ ಕಾಣುತ್ತೇನೆ."

"ನಾನೂ."

"ನೀನು ಇನ್ನೂ ಚಿಕ್ಕವಳು, ನಿನಗೆ ಅದು ಒಪ್ಪುತ್ತದೆ." ಫೋಟೋಗಳನ್ನು ನನ್ನ ಕಡೆಗೆ ತಳ್ಳಿ ಹೇಳಿದರು: "ಸರಿ. ವಿಳಾಸ ಇಲ್ಲದ ಪ್ರವಾಸ. ವಿಮೆಯವರ ಜೊತೆ ನಾನು ಮಾತಾಡುತ್ತೇನೆ. ಪ್ರವಾಸಿಗರ ಜೊತೆ ನೀನು. ಹಣ ವಾಪಸ್ ಕೇಳಿದವರಿಗೆ ಕೊಟ್ಟುಬಿಡು. ಯಾರನ್ನೂ ಒಲಿಸಲು ಹೋಗಬೇಡ. ಹದಿನಾಲ್ಕೂ ಜನ ಬಿಟ್ಟರೆ ಈ ಪ್ರವಾಸವನ್ನೇ ಮುಚ್ಚುತ್ತೇನೆ, ಅದು ಗೊತ್ತಿರಲಿ."

ಹಾಗೆ ಮುಚ್ಚಿದರೆ ಏಳು ಹಿಂಡಿನ ಔಷಧಿ ಹಣವೂ ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ವಿಮೆಯವರ ಬಳಿ ಹೆಲೆನ್ ಮೂರು ದಿನ ವಾದ ಮಾಡಿದರು. ಕೊನೆಗೆ ವಿಳಾಸದ ಬದಲು ಒಬ್ಬ ಸಂಪರ್ಕದ ವ್ಯಕ್ತಿ, ಪ್ರತಿದಿನದ ಹತ್ತಿರದ ಆಸ್ಪತ್ರೆಯ ಹೆಸರು, ಜೀಪು ತಲುಪಬಲ್ಲ ದಾರಿ ಇವಿಷ್ಟು ಸಾಕೆಂದು ಅವರು ಒಪ್ಪಿದರು. ನಾನು ಎರಡು ವರ್ಷ ಹಿಂದೆಯೇ ಹೀಗೆ ಕೇಳಬಹುದಿತ್ತು. ಫಾರಮಿನಲ್ಲಿ ಖಾಲಿ ಜಾಗ ಕಂಡರೆ ತುಂಬುವುದು ನನ್ನ ಅಭ್ಯಾಸ. ಅದನ್ನು ಯಾಕೆ ತುಂಬಬೇಕು ಎಂದು ಕೇಳುವುದನ್ನು ನಾನು ಕಲಿತದ್ದು ಹೆಲೆನ್ ಅವರ ಆ ಮೂರು ದಿನಗಳಿಂದ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಾಕ್ಸ್ ಹಿಲ್‌ನ ಒಂದು ಸಭಾಂಗಣದಲ್ಲಿ ಹದಿನಾಲ್ಕೂ ಜನರನ್ನು ಕರೆದೆ. ಬೆಳಗಿನ ವಿಮಾನದಲ್ಲಿ ಹೋಗಿದ್ದೆ. ಬಸವರಾಜ ಕುರ್ಚಿ ಹಾಕಿ, ಚಹಾ ಕಾಸಿ ಇಟ್ಟಿದ್ದ.

"ಅಕ್ಕಾರ, ಮೊದಲ ಚಾ ಕೊಡೂನ್ರೇನು, ಮೊದಲ ಸುದ್ದಿ ಹೇಳೂನ್ರೇನು?"

"ಸುದ್ದಿ."

"ಹಂಗಾರ ಚಾ ಉಳೀತದ ಬಿಡ್ರಿ."

ಗೋಡೆಯ ಮೇಲೆ ಎರಡು ಫೋಟೋ ಹಾಕಿದೆ. ಮೊದಲ ದಿನ, ಒಂಬತ್ತನೆಯ ದಿನ. ಇಲ್ಲಿಯವರೆಗೆ ನಡೆದದ್ದನ್ನು ಹೇಳಿದೆ. ತಪ್ಪು ನನ್ನದು ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಇಟ್ಟೆ. ಕೊನೆಗೆ ಇಟ್ಟರೆ ಅಲ್ಲಿಯವರೆಗೆ ಜನ ಅದನ್ನೇ ಹುಡುಕುತ್ತ ಕೂತಿರುತ್ತಾರೆ, ಬೇರೇನೂ ಕಿವಿಗೆ ಬೀಳುವುದಿಲ್ಲ. ಇದು ಕೆಲಸಕ್ಕೆ ಬರುವವರಿಗೆ ನಾನು ಕೊಡಬಹುದಾದ ಒಂದು ಉಪಯುಕ್ತ ಸಲಹೆ.

ಎರಡನೆಯ ಸಾಲಿನಲ್ಲಿ ಮಾರ್ಗರೆಟ್ ಇದ್ದರು. ನಿವೃತ್ತ ನರ್ಸ್, ಹಿಂದಿನ ವರ್ಷವೂ ಹೋಗಿ ಬಂದವರು. ಎದ್ದು ಗೋಡೆಯ ಹತ್ತಿರ ಹೋದರು.

"ಈ ನಗುತ್ತಿರುವವಳು ನಾನು."

"ಹೌದು."

"ನಲವತ್ತು ವರ್ಷ ಹಸಿದವರನ್ನು, ನರಳುವವರನ್ನು ನೋಡಿದ್ದೇನೆ. ಈ ಕುರಿಗಳು ನನ್ನ ಬೆನ್ನ ಹಿಂದೆಯೇ ನಿಂತಿದ್ದವು." ಹೋಗಿ ಕೂತರು.

ಕಾಲಿನ್ ಎಂಬ ಎಂಜಿನಿಯರ್ ಕೈ ಎತ್ತಿದರು. "ಅಂದರೆ ಎಲ್ಲಿ ಇರುತ್ತೇವೆ ಅಂತ ಗೊತ್ತಿಲ್ಲ, ಯಾವಾಗ ಹೊರಡುತ್ತೇವೆ ಅಂತ ಗೊತ್ತಿಲ್ಲ, ಅವರು ನಡೆದರೆ ನಾವೂ ನಡೆಯಬೇಕು. ನನ್ನ ಮಗ ಹದಿನೇಳು ವರ್ಷದವನು. ಇದನ್ನೆಲ್ಲ ಅವನು ಪುಕ್ಕಟೆ ಮಾಡುತ್ತಾನೆ."

ಎಲ್ಲರೂ ನಕ್ಕರು. ನನಗೂ ನಗು ಬಂತು. "ಕೆಲವು ದಿನ ಹತ್ತು ಹನ್ನೆರಡು ಕಿಲೋಮೀಟರ್ ನಡೆಯಬೇಕಾಗಬಹುದು. ಡಾಂಗಿನವರು ನಿಮ್ಮನ್ನು ಕರೆದುಕೊಳ್ಳುತ್ತಾರೋ ಇಲ್ಲವೋ ಅದೂ ನನಗೆ ಇವತ್ತು ಗೊತ್ತಿಲ್ಲ. ನಾಳೆ ಕೇಳುತ್ತೇನೆ. ಅವರು ಬೇಡ ಅಂದರೆ ಯಾರೂ ಹೋಗುವ ಹಾಗಿಲ್ಲ," ಎಂದೆ.

"ಶೌಚಾಲಯ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಬಸವರಾಜ ಇಂಗ್ಲಿಷಿನಲ್ಲಿ ಶಾಂತವಾಗಿ ಉತ್ತರಿಸಿದ: "ಸರ್, ಅಲ್ಲಿ ಜಾಗಕ್ಕೆ ಮಾತ್ರ ಕೊರತೆ ಇಲ್ಲ."

ಒಂದು ಗಂಟೆಯ ಹೊತ್ತು ಪ್ರಶ್ನೆಗಳಾದವು. ಆಮೇಲೆ ಒಬ್ಬೊಬ್ಬರಾಗಿ ನನ್ನ ಮೇಜಿನ ಬಳಿ ಬಂದು ಹೇಳಿ ಹೋದರು. ಹಣ ವಾಪಸ್ ಪಡೆದವರು ಒಂಬತ್ತು. ಯಾರೂ ಕೆಟ್ಟ ಮಾತು ಆಡಲಿಲ್ಲ. ಕಾಲಿನ್ ಬಹಳ ಮರ್ಯಾದೆಯಿಂದ ಹಿಂದೆ ಸರಿದರು. ಅವರ ಹೆಂಡತಿ ಡೆನೀಸ್ ಬ್ಯಾಗು ಹೆಗಲಿಗೆ ಹಾಕಿಕೊಂಡು, "ನೀನು ಮನೆಯಲ್ಲಿರು ಕಾಲಿನ್, ಮಗನ ಜೊತೆ ವಿಳಾಸ ಇಲ್ಲದೆ ಅಲೆ. ನಾನು ಹೋಗಿ ಬರುತ್ತೇನೆ," ಎಂದರು. ಮಾರ್ಗರೆಟ್ ಕೊನೆಗೆ ಬಂದರು. ಅವರ ಹೆಸರಿನ ಮುಂದೆ ಟಿಕ್ ಹಾಕಲು ನಾನು ಪೆನ್ನು ಎತ್ತಿದ್ದೆ. "ಬರೆಯುವುದಕ್ಕೆ ಮುಂಚೆ ಕೇಳು. ನಾನು ಹೋದರೆ ಪೂರಿಬಾಯಿಗೆ ತೊಂದರೆಯಾಗುತ್ತದೆಯೇ?" ಎಂದರು. ಗೊತ್ತಿಲ್ಲ, ನಾಳೆ ಕೇಳಿ ಹೇಳುತ್ತೇನೆ ಎಂದೆ. ಅವರ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮತ್ತೆ ಉಳಿದ ನಾಲ್ವರ ಟಿಕ್‌ಗಳನ್ನೂ ಹೊಡೆದುಹಾಕಿ ಪ್ರಶ್ನಾರ್ಥಕ ಚಿಹ್ನೆಯನ್ನೇ ಹಾಕಿದೆ.

ಭಾನುವಾರ ಮಧ್ಯಾಹ್ನ ಬಾಕ್ಸ್ ಹಿಲ್ ಕಚೇರಿಯಲ್ಲೇ ಕೂತು ಹರ್ಜಿ ಕಾಕಾಗೆ ಫೋನ್ ಹಚ್ಚಿದೆವು. ಪೂರಿಬಾಯಿಯ ಫೋನಿನಲ್ಲೇ ಅವರು ಮಾತಾಡಿದರು. ದನಿ ಗಡುಸಾಗಿತ್ತು.

"ಹೇಳಿ. ಆ ಕುಟುಂಬ ಕೆರೆ ಹತ್ತಿರ ನಿಲ್ಲಬೇಕೋ, ನಮ್ಮ ಜೊತೆ ಬರಬೇಕೋ?"

"ನಿಮ್ಮ ಜೊತೆ ಬರಬೇಕು ಕಾಕಾ. ನಾನು ಕೇಳಿದ್ದು ತಪ್ಪು. ಇನ್ನು ಯಾರನ್ನೂ ನಿಲ್ಲಿ ಅಂತ ಕೇಳುವುದಿಲ್ಲ."

"ಹನ್ನೊಂದು ಕುರಿ ಸತ್ತವು."

"ಗೊತ್ತು."

"ನಿಮಗೆ ಗೊತ್ತಾದದ್ದು ಯಾವಾಗ?"

"ಹೋದ ವಾರ."

ಆ ಕಡೆಯಿಂದ ಒಂದು ಹುಂ ಬಂತು. ಅದು ಕ್ಷಮೆಯಲ್ಲ ಎಂದು ತಿಳಿಯುವಷ್ಟು ಹಿಂದಿ ಅಷ್ಟರಲ್ಲಿ ನನಗೆ ಬಂದಿತ್ತು.

"ನಿಮ್ಮ ಜನ?"

"ನಿಮ್ಮ ಹಿಂದೆ ನಡೆದು ಬರಬಹುದಾ ಅಂತ ಕೇಳುತ್ತಿದ್ದೇನೆ. ಬೇಡ ಅಂದರೆ ಬರುವುದಿಲ್ಲ."

"ಎಷ್ಟು ಜನ?"

"ಹದಿನಾಲ್ಕು ಇದ್ದರು. ಈಗ ಐದು."

"ಹದಿನಾಲ್ಕು ಆಗಿದ್ದರೆ ಆಗುವುದಿಲ್ಲ ಅಂತಿದ್ದೆ. ಐದು ಜನಕ್ಕೆ ಒಂದು ಒಂಟೆ ಸಾಮಾನು ಹೊರುತ್ತದೆ." ಮತ್ತೆ, "ನಡೆಯುತ್ತಾರಾ?" ಎಂದರು.

"ನಡೆಯುತ್ತಾರೆ."

"ಕುರಿ ಹೊಟ್ಟೆ ನೋಡಿದ ಹುಡುಗ ಯಾರು? ಅವನಿಗೆ ಫೋನ್ ಕೊಡಿ."

ಬಸವರಾಜ ನೆಟ್ಟಗೆ ಕೂತ. ಅವನ ಹಿಂದಿ ನನ್ನದಕ್ಕಿಂತ ಬಡವಾಗಿತ್ತು. ಮಾಮನ ಬಳಿ ಎಷ್ಟು ಕುರಿ, ಎಷ್ಟು ದಿನಕ್ಕೆ ಒಂದು ಜಾಗ ಬಿಡುತ್ತಾನೆ, ಉಣ್ಣೆ ಯಾವ ಬಣ್ಣ ಎಂದೆಲ್ಲ ಹರ್ಜಿ ಕಾಕಾ ಕೇಳಿದರು. ಕಪ್ಪು ಎಂದು ಇವನು ಹೇಳಿದಾಗ ಆ ಕಡೆ ಹಲವರು ನಕ್ಕದ್ದು ಕೇಳಿಸಿತು. ಫೋನಿನ ಸುತ್ತ ಡಾಂಗಿನ ಅರ್ಧ ಜನ ಕೂತಿದ್ದರೆಂದು ಆಗ ತಿಳಿಯಿತು. "ಎಲ್ಲವೂ ಕಪ್ಪಾ? ಕತ್ತಲೆಯಲ್ಲಿ ಹೇಗೆ ಎಣಿಸುತ್ತಾನೆ?" ಎಂದು ಅವರು ಕೇಳಿದರು. ಬಸವರಾಜ ನನ್ನ ಕಡೆ ತಿರುಗಿ, "ಅಕ್ಕಾರ, ಎಣಿಸಂಗಿಲ್ಲ, ಒಂದೊಂದರ ಮುಖಾ ಗುರ್ತು ಹಿಡಿತಾನ ಅಂತ ಹಿಂದ್ಯಾಗ ಹೆಂಗ ಹೇಳೂದ್ರಿ?" ಎಂದ. ನಾನು ಹೇಳಿಕೊಟ್ಟೆ. ಆ ಕಡೆಯ ನಗು ನಿಂತಿತು. "ನಾವೂ ಹಾಗೇ," ಎಂದರು ಹರ್ಜಿ ಕಾಕಾ. ಅದಾದ ಮೇಲೆ ಅವರ ದನಿ ಬದಲಾಯಿತು.

ದೀಪಾವಳಿಯ ಆರನೆಯ ದಿನ ಏಳೂ ಕುಟುಂಬ ಒಟ್ಟಿಗೆ ಹೊರಟವು. ಐದು ಜನ ಆಮೇಲೆ ಹೋಗಿ ದಾರಿಯಲ್ಲಿ ಸೇರಿಕೊಂಡರು. ಎಲ್ಲಿ ಎಂಬುದನ್ನು ಹರ್ಜಿ ಕಾಕಾ ಹಿಂದಿನ ದಿನ ಸಂಜೆ ಒಂದು ವಾಯ್ಸ್ ಮೆಸೇಜಿನಲ್ಲಿ ತಿಳಿಸಿದರು. ಒಂಬತ್ತು ದಿನದಲ್ಲಿ ಐದು ಜಾಗ ಬದಲಾಯಿತು. ಮಾರ್ಗರೆಟ್ ಅವರ ಕಾಲಿನಲ್ಲಿ ನಾಲ್ಕು ಬೊಬ್ಬೆ, ಡೆನೀಸ್ ಅವರದ್ದರಲ್ಲಿ ಎರಡು. ಒಂದು ದಿನ ಊಟ ಬಹಳ ತಡವಾಯಿತು, ಇನ್ನೊಂದು ದಿನ ಜೀಪು ದಾರಿ ತಪ್ಪಿ ಮೂರು ಗಂಟೆ ಅಲೆಯಿತು. ಎರಡು ದೂರು ಬಂದವು. ನನ್ನ ಹನ್ನೊಂದು ವರ್ಷದಲ್ಲಿ ನಾನು ಸಂತೋಷದಿಂದ ದಾಖಲಿಸಿದ ದೂರುಗಳು ಅವೆರಡೇ.

ಜನವರಿಗೆ ಇನ್ನೊಂದು ತಂಡ ಕೇಳುತ್ತಿತ್ತು, ಐದು ಜನ. ಒಂದು ಮಂಗಳವಾರ ನಾರ್ತ್ ಸಿಡ್ನಿಯಿಂದ ಪೂರಿಬಾಯಿಗೆ ಫೋನ್ ಮಾಡಿದೆ. ಡಾಂಗ್ ಎಲ್ಲೋ ನಡೆಯುತ್ತಿತ್ತು. ಗಾಳಿಯ ಸದ್ದು, ಒಂಟೆಯ ಕೊರಳ ಗಂಟೆ.

"ಮಾಸಿ, ಜನವರಿ ಎರಡನೆಯ ವಾರ ಐದು ಜನ ಬರಬಹುದಾ?"

ಈ ಸಲ ಮೌನವಿರಲಿಲ್ಲ.

"ಇಲ್ಲ ಬೇಟಿ. ಆಗ ಕುರಿ ಮರಿ ಹಾಕುತ್ತಿರುತ್ತವೆ. ನಮಗೆ ಪುರುಸೊತ್ತು ಇಲ್ಲ. ಕಳಿಸಬೇಡ."

ಸರಿ ಎಂದು ಫೋನ್ ಇಟ್ಟೆ. ಹೆಲೆನ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹಿಂದಿ ತಿಳಿಯದಿದ್ದರೂ ನನ್ನ ಮುಖ ನೋಡಿ, "ಏನಂದರು?" ಎಂದು ಕೇಳಿದರು.

"ಬೇಡ ಅಂದರು."

"ಆಮೇಲೆ ಒಪ್ಪಬಹುದೇ? ಇನ್ನೊಂದು ಸಲ ಕೇಳುತ್ತೀಯಾ?"

"ಇಲ್ಲ," ಎಂದೆ. ಆ ಐದು ಜನರ ಫೋನ್ ನಂಬರು ತೆಗೆದು, ಮೊದಲನೆಯವರಿಗೆ ಡಯಲ್ ಮಾಡಿದೆ.